ಕೆಂಚವ್ವನ ಕಂಡಿ

ಕಾರೇಹಟ್ಟಿಯ ಬಸ್ಸು ಹಟ್ಟಿಯೊಳಕ್ಕೆ ಹೋಗುವುದಿಲ್ಲ. ಗುಡ್ಡದ ಬುಡದಲ್ಲಿರುವ ಹುಣಸೆಮರಕ್ಕೆ ಒಂದು ಸುತ್ತು ಹಾಕಿ, ಜನರನ್ನು ಇಳಿಸಿ, ಬಂದ ದಾರಿಯಲ್ಲೇ ಧೂಳೆಬ್ಬಿಸಿಕೊಂಡು ಹೊರಟುಬಿಡುತ್ತದೆ. ಅಲ್ಲಿಂದ ಕತ್ತೆತ್ತಿದರೆ ಬಂಡೆಯ ಮೇಲೆ ಬಂಡೆ, ಅದರ ಮೇಲೆ ಮತ್ತೊಂದು ಬಂಡೆ. ಅವುಗಳ ನಡುವೆ ಹಟ್ಟಿಯ ಬೆನ್ನಿಗೆ ಆತುಕೊಂಡು ಮಲಗಿರುವ ಉದ್ದನೆಯ ಬಂಡೆಗೆ ಆನೆಬಂಡೆ ಎಂದು ಹೆಸರು. ಅದರ ಬುಡದಲ್ಲಿ ಒಂದು ಕಂಡಿಯಿದೆ. ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ, ಮೊಣಕಾಲೂರಿ ಬಗ್ಗಬೇಕು. ಮಕ್ಕಳು ಅಂಬೆಗಾಲಿಟ್ಟು ಈ ಕಡೆಯಿಂದ ಆ ಕಡೆಗೆ ಹೋಗಿಬಿಡುತ್ತಾರೆ, ದೊಡ್ಡವರಾದರೆ ಹೊಟ್ಟೆಯ ಮೇಲೆ ತೆವಳಬೇಕು. ಅದೆಷ್ಟು ತಲೆಮಾರಿನ ಹೊಟ್ಟೆಗಳು ಉಜ್ಜಿವೆಯೋ, ಒಳಗಿನ ಕಲ್ಲು ಎಣ್ಣೆ ಹಚ್ಚಿದಂತೆ ನುಣುಪಾಗಿದೆ. ಕಂಡಿಯ ಮುಂದೆ ಮಡಿಸಿಟ್ಟ ಒಂದು ಕರಿಕಂಬಳಿ, ಅದರ ಮೇಲೆ ಚಿಟಿಕೆ ಭಂಡಾರದ ಅರಿಶಿನ, ಪಕ್ಕದಲ್ಲಿ ನೀರು ತುಂಬಿದ ಕಲ್ಲುಬಾನಿ. ವಿಗ್ರಹವಿಲ್ಲ, ಗರ್ಭಗುಡಿಯಿಲ್ಲ, ಬಾರಿಸಲು ಒಂದು ಗಂಟೆಯೂ ಇಲ್ಲ.

ಹೊಸದಾಗಿ ಬಂದವರು ಚಪ್ಪಲಿ ಬಿಟ್ಟು, ಭಕ್ತಿಯಿಂದ ಕೈಮುಗಿದು, ಈ ಕೆಂಚವ್ವ ಯಾರ ಮನೆಯ ಮಗಳು, ಯಾವ ದೇವಿಯ ಅಂಶ ಎಂದು ಕೇಳುತ್ತಾರೆ. ಹಟ್ಟಿಯವರು ಮುಖಮುಖ ನೋಡಿಕೊಂಡು ಮುಸಿಮುಸಿ ನಗುತ್ತಾರೆ. ನೆರೆಯೂರಿನವರನ್ನು ಕೇಳಿದರೆ ಅವಳು ಬೆಂಕಿ ಹೊಕ್ಕ ಮಹಾಸಾಧ್ವಿ ಎನ್ನುತ್ತಾರೆ. ಇನ್ನೊಂದು ಊರಿನವರು ಏಳು ಜನ ಅಕ್ಕತಂಗಿಯರಲ್ಲಿ ಕಿರಿಯವಳು ಎನ್ನುತ್ತಾರೆ. ಎಲ್ಲ ಬರೀ ಬುರುಡೆ. ಕೆಂಚವ್ವನಿಗೆ ನಾಲ್ಕು ಕಾಲು, ಒಂದು ಬಾಲ. ಅವಳು ನಾಯಿ. ಅದೂ ಸಾಧು ನಾಯಿಯಲ್ಲ. ಹೇಳಿದ ಒಂದು ಮಾತನ್ನೂ ಕೇಳದ, ಇಟ್ಟಲ್ಲಿ ಇರದ, ಬೇಲಿ ಕಂಡರೆ ಕಾಲು ತುರಿಸುವ ನಾಯಿ. ಅಂಥವಳ ಹೆಸರಿಗೆ ಅವ್ವ ಎಂಬುದು ಹೇಗೆ ಸೇರಿತು, ಸೇರಿಸಿದವರು ಯಾರು ಎಂಬುದೇ ಈ ಜಾಗದ ಐತಿಹ್ಯ.

ಹಿಂದೆ ಒಮ್ಮೆ, ಈ ಬಸ್ಸು, ಈ ರಸ್ತೆ, ಈ ಕರೆಂಟಿನ ಕಂಬ ಒಂದೂ ಹುಟ್ಟದ ಕಾಲದಲ್ಲಿ, ಕಾರೇಹಟ್ಟಿಯಲ್ಲಿ ಗಾಳೆಪ್ಪನೆಂಬ ಬೇಲಿಗಾರನಿದ್ದನಂತೆ. ಬೇಲಿಗಾರ ಎಂದರೆ ನಾಲ್ಕು ಮುಳ್ಳುಕಂಟಿ ಎಳೆದುಹಾಕಿ ಕೈಯೊರೆಸಿಕೊಳ್ಳುವವನು ಎಂದು ತಿಳಿಯಬೇಡಿ. ಕಾರೆಮುಳ್ಳನ್ನು ಬುಡಕ್ಕೆ, ಬಾರೆಮುಳ್ಳನ್ನು ನಡುವಿಗೆ, ಜಾಲಿಯನ್ನು ತಲೆಗೆ ಇಟ್ಟು, ಕವೆಗೋಲಿನಿಂದ ಒತ್ತಿ ಒತ್ತಿ, ಒಂದು ಕೊಂಬೆಯ ಮುಳ್ಳು ಇನ್ನೊಂದರ ಮುಳ್ಳಿಗೆ ಕೊಕ್ಕೆ ಹಾಕಿಕೊಳ್ಳುವಂತೆ ಅವನು ಹೆಣೆಯುತ್ತಿದ್ದ. ಅವನ ಬೇಲಿಯಿಂದ ಒಂದು ಕೊಂಬೆ ಕೀಳಬೇಕಾದರೆ ಇಡೀ ಬೇಲಿಯನ್ನೇ ಎಬ್ಬಿಸಬೇಕು. ಸುತ್ತಿನ ಏಳು ಹಟ್ಟಿಗಳ ಕುರಿದೊಡ್ಡಿಗೆಲ್ಲ ಅವನದೇ ಕೈ. ಗಾಳೆಪ್ಪನ ಬೇಲಿಯಲ್ಲಿ ಗಾಳಿಯೂ ಅಪ್ಪಣೆ ಕೇಳಿ ಒಳಗೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನು ಮೀಸೆಯ ಮೇಲೆ ಕೈಯಾಡಿಸಿ ಬೇರೆ ಕಡೆಗೆ ನೋಡುತ್ತಿದ್ದ.

ಆ ವರ್ಷ ತೋಳಗಳ ಕಾಟ ಮಿತಿಮೀರಿತು. ಹಟ್ಟಿಯ ಹಿರಿಯ ದ್ಯಾವನಗೌಡ, ದೊಡ್ಡಿಗೊಂದು ಬೇಲಿ, ಮನೆಗೊಂದು ಬೇಲಿ ಸಾಕು, ಇನ್ನು ಇಡೀ ಹಟ್ಟಿಗೇ ಒಂದು ಬೇಲಿ ಬೇಕು ಎಂದ. ಗಾಳೆಪ್ಪ ಮಾರ್ಗಶಿರದಲ್ಲಿ ಮುಳ್ಳು ಕಡಿದು, ಎರಡು ಆಳೆತ್ತರದ ಬೇಲಿಯನ್ನು ಸುತ್ತಲೂ ಹೆಣೆದು, ಅದರ ಎರಡು ತುದಿಗಳನ್ನೂ ಹಿಂಬದಿಯ ಆನೆಬಂಡೆಗೆ ತಂದು ಕೂಡಿಸಿದ. ಬಂಡೆಯೇ ಬೇಲಿಯಾದ ಮೇಲೆ ಅಷ್ಟುದ್ದದ ಕೆಲಸ ಉಳಿಯಿತಲ್ಲ! ಮುಂದೆ, ಇಳಿಜಾರಿನ ಕಡೆಗೆ, ಎರಡು ನಿಲುಗಲ್ಲಿನ ನಡುವೆ ಒಂದೇ ಬಾಗಿಲು. ಬಾಗಿಲು ಹೆಚ್ಚಾದಷ್ಟೂ ಬೇಲಿಗಾರನ ಮರ್ಯಾದೆ ಕಡಿಮೆ ಎಂಬುದು ಆ ಕಸುಬಿನವರ ನಂಬಿಕೆ. ಅವನ ಹೆಂಡತಿ ಹುಲಿಗೆವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇಲಿ ಸೈತ ತನ್ನ ಬಿಲಕ್ಕ ಎರಡು ಬಾಯಿ ಇಟ್ಟಕೊಂತೈತಿ. ಇಷ್ಟು ದೊಡ್ಡ ಹಟ್ಟಿಗೆ ಒಂದ ಬಾಯಿ ಏನ್ರೀ?" ಎಂದಳು. ಹೆಂಗಸರಿಗೆ ಬೇಲಿಯ ವಿಷಯ ಏನು ಗೊತ್ತು ಎಂದು ಗಾಳೆಪ್ಪ ನಕ್ಕುಬಿಟ್ಟ.

ಬೇಲಿ ಮುಗಿದ ದಿನ ಹಟ್ಟಿಯ ಪದ್ಧತಿಯಂತೆ ಗೌಡ ಅವನ ಹೆಗಲಿಗೆ ಹೊಸ ಕರಿಕಂಬಳಿ ಹೊದಿಸಿದ. ಇದಕ್ಕೆ ಬೇಲಿಕಂಬಳಿ ಎನ್ನುತ್ತಿದ್ದರು. ಅದನ್ನು ಹೊದ್ದವನು ಹತ್ತು ಜನರೆದುರು ಮಾತು ಕೊಡಬೇಕು: ಬಾಗಿಲು ಬಿಟ್ಟು ಬೇರೆ ಕಡೆಯಿಂದ ಒಂದು ವರ್ಷದೊಳಗೆ ನಾಲ್ಕು ಕಾಲಿನದು ಯಾವುದಾದರೂ ಬೇಲಿ ದಾಟಿದರೆ ಕಂಬಳಿ ಹಿಂದಿರುಗಿಸುತ್ತೇನೆ, ಮತ್ತೆ ಕವೆಗೋಲು ಮುಟ್ಟುವುದಿಲ್ಲ. ಗಾಳೆಪ್ಪ ಎದೆ ಉಬ್ಬಿಸಿಕೊಂಡು ಮಾತು ಕೊಟ್ಟ. ಅವನ ಕಾಲಬುಡದಲ್ಲೇ ಅವನ ನಾಯಿ ಕೆಂಚಿ ಕೂತು, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತ, ಎಲ್ಲವನ್ನೂ ಕೇಳಿಸಿಕೊಂಡಿತು ಎನ್ನುತ್ತಾರೆ.

ಈ ಕೆಂಚಿ ಬಂದದ್ದೇ ಒಂದು ಕತೆ. ಎರಡು ವರ್ಷದ ಹಿಂದೆ ಗಾಳೆಪ್ಪ ಗುಡ್ಡದಲ್ಲಿ ಮುಳ್ಳು ಕಡಿಯುತ್ತಿದ್ದಾಗ, ಕೈ ತೂರಿಸಲೂ ಜಾಗವಿಲ್ಲದ ಕಾರೆಪೊದೆಯೊಳಗಿಂದ ಅಂಗೈಯಗಲದ ಕೆಂಚುಮರಿಯೊಂದು ಮೈಗೆ ಒಂದು ಗೀರೂ ಇಲ್ಲದೆ ಹೊರಗೆ ಬಂದು ಅವನ ಹೆಬ್ಬೆರಳನ್ನು ನೆಕ್ಕಿತು. ಅಂದೇ ಆ ಮನುಷ್ಯನಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಂಬಳಿಯ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದ. ಮಕ್ಕಳಿಲ್ಲದ ಮನೆ, ಗಂಡಹೆಂಡತಿ ಇಬ್ಬರೂ ಅದಕ್ಕೆ ಹಾಲು ಕುಡಿಸಿ, ರೊಟ್ಟಿ ಮುರಿದು ಹಾಕಿ ಬೆಳೆಸಿದರು. ಅವರ ಮನೆ ಹಟ್ಟಿಯ ಹಿಂತುದಿಯಲ್ಲಿತ್ತು. ಹಿತ್ತಲಿಗೆ ಎರಡು ಕಡೆ ಮುಳ್ಳುಬೇಲಿ, ಹಿಂದೆ ಆನೆಬಂಡೆ. ಕೆಂಚಿಯನ್ನು ಆ ಹಿತ್ತಲಲ್ಲಿ ಬಿಟ್ಟರೆ ರೊಟ್ಟಿ ತಟ್ಟಿ ಮುಗಿಯುವುದರೊಳಗೆ ಹಿತ್ತಲು ಖಾಲಿ!

ಮೊದಲು ಬೇಲಿಯ ಬುಡ ಕೆದರಿ ಹೋಯಿತು; ಗಾಳೆಪ್ಪ ಬುಡಕ್ಕೆ ಕಲ್ಲು ಜೋಡಿಸಿದ. ಮೇವಿನ ಬಣವೆ ಹತ್ತಿ ಹಾರಿತು. ಬಣವೆಯನ್ನೇ ಬೇರೆ ಕಡೆಗೆ ಒಟ್ಟಿದ. ಹಗ್ಗ ಹಾಕಿದ, ಹಗ್ಗ ಕಡಿದು, ಕೊರಳಲ್ಲಿ ಗೇಣುದ್ದ ತುಂಡನ್ನು ಒಡವೆಯಂತೆ ತೂಗಾಡಿಸಿಕೊಂಡು ಹೋಯಿತು. ಹೋಗಿ ಏನು ಮಾಡುತ್ತಿತ್ತು? ಬೇಟೆಯಿಲ್ಲ, ಕಳ್ಳತನವಿಲ್ಲ. ಗುಡ್ಡವನ್ನೊಂದು ಸುತ್ತು ಹಾಕಿ, ಹಟ್ಟಿಯ ಮುಂಬಾಗಿಲಿಗೆ ಬಂದು, ಎರಡು ನಿಲುಗಲ್ಲಿನ ನಡುವೆ ಕೂತು, ಬಾಗಿಲು ತೆಗೆಯಿರೆಂದು ಬೊಗಳುತ್ತಿತ್ತು. ಹೋಗುವಾಗ ಯಾರ ಅಪ್ಪಣೆಯೂ ಬೇಡ, ಬರುವಾಗ ಮಾತ್ರ ಬಾಗಿಲೇ ಬೇಕು! ಬೆಳಗಿನಿಂದ ಬೈಗಿನವರೆಗೆ ಗಾಳೆಪ್ಪನ ಗಂಟಲಿನಲ್ಲಿ ಒಂದೇ ಕೂಗು: "ಏ ಕೆಂಚೀ, ಒಳಗ ಬಾ!" ಆ ಕೂಗು ಕಿವಿಗೆ ಬಿದ್ದದ್ದೇ ತಡ, ಅಲ್ಲಿಯವರೆಗೆ ಸುಮ್ಮನೆ ಬಿದ್ದುಕೊಂಡಿದ್ದ ನಾಯಿಯೂ ಎದ್ದು ಪರಾರಿ. ಒಳಗ ಬಾ ಎಂದರೆ ಓಡು ಎಂದೇ ಅದು ಕಲಿತುಬಿಟ್ಟಿತ್ತು.

ಹಟ್ಟಿಯ ಬೇಲಿ ಎದ್ದ ಮೇಲಾದರೂ ಇದಕ್ಕೊಂದು ಕೊನೆ ಬಂತೆಂದು ಗಾಳೆಪ್ಪ ಅಂದುಕೊಂಡ. ಮೂರನೆಯ ದಿನವೇ ಮುಂಬಾಗಿಲಲ್ಲಿ ಬೊಗಳಾಟ ಕೇಳಿಸಿತು. ಬಾಗಿಲು ಬೆಳಗಿನಿಂದ ತೆರೆದಿರಲಿಲ್ಲ. ಕೆಂಚಿ ಹೊರಗೆ! ಜನ ಬಿಡುತ್ತಾರೆಯೇ? ನೀರಿಗೆ ಹೋಗುವ ಹೆಂಗಸರು, "ಗಾಳೆಪ್ಪಣ್ಣ, ನಿನ್ನ ಬೇಲಿ ಭಾಳ ಗಟ್ಟಿ ಐತಿ ಬಿಡು, ನಾಯಿ ಹೊರಗ ಹೋದ್ರೂ ಒಳಗ ಬರಾಕ ಆಗವಲ್ದು!" ಎಂದು ಕೊಡ ಕುಲುಕಿಸಿ ನಕ್ಕರು. ದ್ಯಾವನಗೌಡ ಮೊದಮೊದಲು ತಾನೂ ನಕ್ಕ. ಆದರೆ ಫಾಲ್ಗುಣದ ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಕೆಂಚಿಯ ಪಕ್ಕದಲ್ಲಿ ಗೌಡನದೇ ಒಂದು ಕುರಿಮರಿ ನಿಂತು ಅರಚುತ್ತಿತ್ತು. ನಾಯಿಯ ಹಿಂದೆ ಹಿಂದೆಯೇ ಹೋಗಿ ಅದೂ ಲೋಕ ನೋಡಿಕೊಂಡು ಬಂದಿತ್ತು. ಗೌಡನ ನಗೆ ನಿಂತಿತು.

"ಗಾಳೆಪ್ಪ, ಇವತ್ತು ಮರಿ ಹೊರಗ ಹೋಗೈತಿ. ನಾಳೆ ಅದ ದಾರ್‍ಯಾಗ ತೋಳ ಒಳಗ ಬರತೈತಿ. ನೀ ಹತ್ತು ಮಂದ್ಯಾಗ ಮಾತು ಕೊಟ್ಟೀದಿ. ದಾರಿ ಹುಡುಕಿ ಮುಚ್ಚು. ಇಲ್ಲಾಂದ್ರ ಸೋಮವಾರ ಹೊತ್ತು ಮುಳುಗೂದ್ರಾಗ ಎರಡರಾಗ ಒಂದು ಬಿಡು, ಕಂಬಳಿ ಇಲ್ಲಾ ನಾಯಿ," ಎಂದು ಗೌಡ ಕಟ್ಟೆಯ ಮೇಲಿಂದ ಹೇಳಿದ. ನಾಯಿಯನ್ನು ಬಿಡುವುದೆಂದರೆ ಎಲ್ಲೋ ಬಿಟ್ಟು ಬರುವುದಲ್ಲ; ಎಲ್ಲಿ ಬಿಟ್ಟರೂ ಬರುವ ನಾಯಿ ಅದು. ತಳವಾರ ಕೊಡಲಿ ಹಿಡಿದು ಗುಡ್ಡದಾಚೆಗೆ ಕರೆದೊಯ್ಯಬೇಕು. ಗೌಡ ಕೆಟ್ಟವನಾಗಿರಲಿಲ್ಲ, ಅವನ ಮಾತಿನಲ್ಲಿ ತಪ್ಪೂ ಇರಲಿಲ್ಲ. ಅದೇ ಗಾಳೆಪ್ಪನಿಗೆ ಹೆಚ್ಚು ಕಷ್ಟವಾಯಿತು.

ಐದು ದಿನ ಅವನು ಬೇಲಿಯ ಸುತ್ತ ನಾಯಿಗಿಂತ ಹೆಚ್ಚು ತಿರುಗಿದ. ಮುಳ್ಳು ಮುಳ್ಳನ್ನೂ ಬಿಡಿಸಿ ನೋಡಿದ. ಅಂಗೈಯೆಲ್ಲ ಗಾಯ. ಬೇಲಿಯ ಬುಡದುದ್ದಕ್ಕೂ ಬೂದಿ ಚೆಲ್ಲಿ, ಹೆಜ್ಜೆ ಮೂಡಿದೆಯೇ ಎಂದು ಹೊಟ್ಟೆಯ ಮೇಲೆ ಮಲಗಿ ಪರೀಕ್ಷಿಸಿದ. ಅಳಿಲಿನ ಹೆಜ್ಜೆಯಿತ್ತು, ಓತಿಕ್ಯಾತದ ಬಾಲದ ಗೆರೆಯಿತ್ತು, ಕೆಂಚಿಯದು ಇರಲಿಲ್ಲ. ಕಾದು ಕೂತರೆ ಕೆಂಚಿ ಅಲ್ಲಾಡದು, ಕಣ್ಣು ತಪ್ಪಿದರೆ ಮಾಯ, ಮತ್ತೆ ದಿನಾ ಮುಂಬಾಗಿಲಲ್ಲಿ ಹಾಜರು! ಹಿಂದಿನ ಬಂಡೆಯ ಕಡೆಗೆ ಅವನು ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ಹಾಯಿಸುವುದಾದರೂ ಯಾಕೆ? ಬೇಲಿಯವನ ಕಣ್ಣು ಮುಳ್ಳಿನ ಮೇಲೆ. ಬಂಡೆಗೆ ಬೇಲಿ ತಂದು ಕೂಡಿಸಿದನೆಂದರೆ ಆ ಕಡೆಯ ಕೆಲಸ ಮುಗಿಯಿತೆಂದೇ ಅವನ ಲೆಕ್ಕ. ಅವನ ಅಪ್ಪ ಕಲಿಸಿದ್ದೂ ಅದನ್ನೇ, ಅಪ್ಪನ ಅಪ್ಪ ಕಲಿಸಿದ್ದೂ ಅದನ್ನೇ. ದೀಪದ ಬುಡ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಭಾನುವಾರ ಸಂಜೆ ಗಾಳೆಪ್ಪ ಸೋತು ಕುಳಿತ. ಕಂಬಳಿ ಬಿಡಬಹುದಿತ್ತು. ಬಿಟ್ಟರೆ ಕವೆಗೋಲು ಮುಟ್ಟುವಂತಿಲ್ಲ; ಹೊಲವಿಲ್ಲದ, ಕುರಿಯಿಲ್ಲದ ಮನುಷ್ಯ ತಿನ್ನುವುದೇನು? ಅದಕ್ಕಿಂತ ಹೆಚ್ಚಾಗಿ, ಏಳು ಹಟ್ಟಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಅವನು ನೆಲ ನೋಡುತ್ತ, "ನಾಯಿ ಬಿಡ್ತೀನಿ," ಎಂದ. ಹುಲಿಗೆವ್ವ ಒಲೆಯ ಮೇಲಿದ್ದ ಹೆಂಚನ್ನು ಕೆಳಗಿಳಿಸಿ ಹೊರಗೆ ಹೋಗಿ ಕೂತಳು. ಅಂದು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಗಾದ ಮೇಲೆ ಅವಳು ರೊಟ್ಟಿ ಮಾಡಿದಳು, ಅದೂ ಕೆಂಚಿಗೊಂದಕ್ಕೇ, ಮೇಲೆ ಬೆಣ್ಣೆ ಹಾಕಿ. ಗಾಳೆಪ್ಪ ಎತ್ತನ್ನು ನೊಗಕ್ಕೆ ಕಟ್ಟುವ ಜತ್ತಿಗೆಯ ಎರಡೆಳೆ ಹಗ್ಗ ತಂದು ಕೆಂಚಿಯನ್ನು ಹಿತ್ತಲ ಕಂಬಕ್ಕೆ ಬಿಗಿದ. ಕೆಂಚಿ ಬೆಣ್ಣೆ ನೆಕ್ಕಿ, ಹಗ್ಗ ಮೂಸಿ, ಅವನ ಮುಖ ನೋಡಿ ಬಾಲ ಅಲ್ಲಾಡಿಸಿತು. ಅವನಿಗೆ ನಾಚಿಕೆಯಾಯಿತು. ತನ್ನ ಬದುಕಿನಲ್ಲಿ ಅಷ್ಟು ನಾಚಿಕೆ ಅವನಿಗೆ ಇನ್ನೆಂದೂ ಆಗಲಿಲ್ಲವಂತೆ.

ಅಂದು ಮಟಮಟ ಮಧ್ಯಾಹ್ನ. ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋಗಿದ್ದರು. ಹಟ್ಟಿಯಲ್ಲಿ ಹೆಂಗಸರು, ಮಕ್ಕಳು, ಮುದುಕರು, ದೊಡ್ಡಿಯಲ್ಲಿ ಎಳೆಯ ಮರಿಗಳು, ಮೊಣಕಾಲು ನೋವೆಂದು ಕಟ್ಟೆಯ ಮೇಲೆ ಕಾಲು ಚಾಚಿಕೊಂಡಿದ್ದ ಗೌಡ. ಮಳೆಗೆ ಮೊದಲು ಒಣಹುಲ್ಲು ಸುಟ್ಟರೆ ಹೊಸ ಹುಲ್ಲು ದಟ್ಟವಾಗಿ ಚಿಗುರುತ್ತದೆಂದು ಇಳಿಜಾರಿನ ಕೆಳಗೆ ಯಾರೋ ಕುರುಚಲಿಗೆ ಬೆಂಕಿ ಹಚ್ಚಿದ್ದರು. ಪ್ರತಿವರ್ಷ ಮಾಡುವ ಕೆಲಸವೇ. ಆದರೆ ಆ ದಿನ ಗಾಳಿ ಇದ್ದಕ್ಕಿದ್ದಂತೆ ಮಗ್ಗುಲು ಬದಲಿಸಿತು. ಬೆಂಕಿ ಗುಡ್ಡ ಹತ್ತಿಕೊಂಡು ಬಂತು. ಮೂರು ತಿಂಗಳು ಬಿಸಿಲು ಕುಡಿದು ಒಣಗಿ ನಿಂತಿದ್ದ ಬೇಲಿ! ಬಾಗಿಲ ಜಾಲಿಕಂಟಿಗೆ ಕಿಡಿ ಮುಟ್ಟಿದ್ದಷ್ಟೇ ಗೊತ್ತು, ಚಟಚಟಚಟ ಎಂದು ಎರಡೂ ಕಡೆಗೆ ಬೆಂಕಿ ಓಡತೊಡಗಿತು, ಯಾರೋ ಎರಡು ಕೈಯಿಂದ ಹಟ್ಟಿಯನ್ನು ತಬ್ಬಿಕೊಳ್ಳಲು ಬಂದಂತೆ.

"ಬೆಂಕೀ! ಬೆಂಕೀ ಬಿತ್ರೋ!" ಎಂಬ ಕೂಗು ಕೇಳಿ ಎಲ್ಲರೂ ಬಾಗಿಲಿಗೆ ಓಡಿದರು, ಅದೇ ವೇಗದಲ್ಲಿ ಮುಖ ಮುಚ್ಚಿಕೊಂಡು ಹಿಂದಕ್ಕೆ ಬಂದರು. ಬಾಗಿಲಿದ್ದಲ್ಲಿ ಉರಿಯ ಗೋಡೆ. ಗಾಳೆಪ್ಪ ಕವೆಗೋಲು ಹಿಡಿದು, ಬೆಂಕಿ ಇನ್ನೂ ತಲುಪದ ಕಡೆ ಬೇಲಿ ಕೀಳಲು ಬಿದ್ದ. ಎಳೆದ, ನೂಕಿದ, ಕೈಯಿಂದಲೇ ಕಿತ್ತ. ಒಂದು ಕೊಂಬೆಯೂ ಬರಲಿಲ್ಲ. ಮುಳ್ಳಿಗೆ ಮುಳ್ಳು ಕೊಕ್ಕೆ ಹಾಕಿ ಹೆಣೆದವನು ಅವನೇ ಅಲ್ಲವೆ? ತನ್ನ ಕೆಲಸದ ಗಟ್ಟಿತನವನ್ನು ಕಂಡು ಅವನು ಅಂದು ಮೊದಲ ಸಲ ಹೆದರಿದ. ಅವನ ಕೈಯಿಂದ ರಕ್ತ ಸುರಿಯುತ್ತಿತ್ತು. ಹಿಂದೆ ಮಕ್ಕಳು ಕೆಮ್ಮುತ್ತಿದ್ದವು. ಹುಲಿಗೆವ್ವ ಅವನ ರಟ್ಟೆ ಹಿಡಿದು ತಿರುಗಿಸಿ, "ಬೇಲಿ ಬಿಡ್ರೀ! ನಾಯಿ! ನಾಯಿಗೆ ಗೊತ್ತೈತಿ ದಾರಿ!" ಎಂದು ಕಿರುಚಿದಳು.

ಎಂಥ ಮಾತು! ಗಾಳೆಪ್ಪ ಹಿತ್ತಲಿಗೆ ಹಾರಿ, ಕುಡುಗೋಲಿನಿಂದ ಹಗ್ಗ ಕೊಯ್ದ. ಹಿಂದೆ ಇಡೀ ಹಟ್ಟಿ ಬಂದು ಉಸಿರು ಬಿಗಿಹಿಡಿದು ನಿಂತಿತು. "ಹೋಗು ಕೆಂಚಿ, ಹೋಗವ್ವಾ!" ಎಂದ. ಕೆಂಚಿ ಹೋಗಲಿಲ್ಲ. ಬಂದು ಅವನ ಕಾಲಿಗೆ ಮೈಯುಜ್ಜಿ, ಅಲ್ಲೇ ಕುಕ್ಕರಿಸಿತು. "ಹೋಗ, ನಿನ ಕಾಲಿಗೆ ಬೀಳ್ತೀನಿ, ಹೋಗ!" ಎಂದು ಹೆಂಗಸರು ಸೀರೆಯ ಸೆರಗೊಡ್ಡಿದರು. ಅದು ಬಾಲ ಅಲ್ಲಾಡಿಸಿತು. ಹುಟ್ಟಿದಂದಿನಿಂದ ಒಂದು ಗಳಿಗೆ ಒಂದೆಡೆ ಇರದ ನಾಯಿ, ಬೇಡವೆಂದರೂ ಬಿಡದೆ ಓಡುತ್ತಿದ್ದ ನಾಯಿ, ಹೋಗೆಂದ ದಿನ ಗೂಟ ಬಡಿದಂತೆ ಕೂತುಬಿಟ್ಟಿತು! ಹೊಗೆ ಕವಿಯುತ್ತಿತ್ತು. ಗಾಳೆಪ್ಪನಿಗೆ ಅಳು ಬಂತು, ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಬುದ್ಧಿಯೂ ಬಂತು. ಕವೆಗೋಲು ಮೇಲೆತ್ತಿ, ಕಣ್ಣು ಕೆಂಪಗೆ ಮಾಡಿ, ಎರಡು ವರ್ಷ ದಿನಾ ಕೂಗಿದ ಕೂಗನ್ನೇ ಗಂಟಲು ಹರಿಯುವಂತೆ ಕೂಗಿದ:

"ಏ ಕೆಂಚೀ! ಒಳಗ ಬಾ!"

ಕೆಂಚಿ ಕಿವಿ ನಿಮಿರಿಸಿತು. ಚಂಗನೆ ಎದ್ದಿತು. ಸೀದಾ ಬಂಡೆಯ ಬುಡಕ್ಕೆ ಓಡಿ, ಬಚ್ಚಲ ನೀರು ಹರಿದು ಹೋಗುವ ಕಡೆ ಇಟ್ಟಿದ್ದ ಕೋಳಿಬುಟ್ಟಿಯ ಹಿಂದೆ ನುಗ್ಗಿ ಮಾಯವಾಯಿತು! ಗಾಳೆಪ್ಪ ಬುಟ್ಟಿಯನ್ನು ಒದ್ದು ಎಸೆದು ಬಗ್ಗಿ ನೋಡಿದ. ಬಂಡೆಯ ಅಡಿಯಲ್ಲಿ ಕಂಡಿ. ಆಚೆಯ ಬೆಳಕು, ಆ ಬೆಳಕಿನಲ್ಲಿ ಕೆಂಚಿಯ ಬಾಲ. ಇಷ್ಟು ದಿನ ಸುತ್ತಿ ಸುತ್ತಿ ಹುಡುಕಿದ್ದು ತನ್ನ ಹಿತ್ತಲಲ್ಲೇ, ತಾನು ಮೈ ತೊಳೆದ ನೀರು ಹೋಗುವ ದಾರಿಯಲ್ಲೇ ಇತ್ತು. ನಾಚಿಕೊಳ್ಳಲು ಹೊತ್ತಿರಲಿಲ್ಲ. ಹಾರೆ ತಂದು, ವರ್ಷಾನುಗಟ್ಟಲೆಯಿಂದ ತುಂಬಿದ್ದ ಮಣ್ಣನ್ನು ಎಬ್ಬಿಸಿ ಎಬ್ಬಿಸಿ ಹಾಕಿದ; ಹುಲಿಗೆವ್ವ ಮೊರದಿಂದ ಬಾಚಿ ಎಸೆದಳು. ಮೊಣಕೈಯುದ್ದ ಎತ್ತರವಾಯಿತು. ಬೇಲಿಕಂಬಳಿಯನ್ನು ಬಾನಿಯ ನೀರಿನಲ್ಲಿ ಅದ್ದಿ ಮಕ್ಕಳ ತಲೆಗೆ ಹೊದಿಸಿ, ಒಂದೊಂದನ್ನೇ ಕಂಡಿಯೊಳಕ್ಕೆ ತಳ್ಳಿದರು. ಮಕ್ಕಳಾದ ಮೇಲೆ ಬಾಣಂತಿಯರು, ಉಳಿದ ಹೆಂಗಸರು, ಆಮೇಲೆ ಮುದುಕ ಮುದುಕಿಯರು, ಅವರ ಹಿಂದೆ ಕುರಿಮರಿಗಳು. ಒಮ್ಮೆ ಕೆಂಚಿಯ ಹಿಂದೆ ಹೋಗಿದ್ದ ಆ ಮರಿ ಯಾರೂ ತಳ್ಳುವುದಕ್ಕೆ ಮೊದಲೇ ನುಗ್ಗಿ, ಉಳಿದವಕ್ಕೆ ದಾರಿ ತೋರಿಸಿತು.

ಕೊನೆಗೆ ಉಳಿದದ್ದು ದ್ಯಾವನಗೌಡ, ಗಾಳೆಪ್ಪ, ಹುಲಿಗೆವ್ವ. ಗೌಡನದು ಹಾಲುತುಪ್ಪದ ಹೊಟ್ಟೆ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಸಿಕ್ಕಿಕೊಂಡಿತು. ಹಿಂದಿನಿಂದ ಗಂಡಹೆಂಡತಿ ತಳ್ಳುತ್ತಿದ್ದಾರೆ, ಬೆನ್ನಿಗೆ ಬೆಂಕಿಯ ಬಿಸಿ ಬಡಿಯುತ್ತಿದೆ, ಹಟ್ಟಿಯ ಯಜಮಾನ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಷ್ಟರಲ್ಲಿ ಆಚೆಯಿಂದ ಕೆಂಚಿ ತಲೆ ತೂರಿಸಿ, ಅವನ ಮೂಗಿಗೆ ಮೂಗು ಹಚ್ಚಿ, ಹೊಗೆ ಹಿಡಿದ ಮುಖವನ್ನೆಲ್ಲ ಪಚಪಚ ನೆಕ್ಕಿತು. ಆ ಸಂಜೆ ಯಾವ ನಾಯಿಯನ್ನು ಕೊಲ್ಲಿಸಬೇಕಿತ್ತೋ ಅದೇ ನಾಯಿ. ಗೌಡನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. "ಎವ್ವಾ! ಕೆಂಚವ್ವಾ! ತಪ್ಪಾತು ನನ್ನವ್ವಾ, ದಾರಿ ಬಿಡವ್ವಾ!" ಎಂದು ಉಸಿರೆಲ್ಲ ಹೊರಗೆ ಬಿಟ್ಟು ಅತ್ತ. ಉಸಿರು ಹೋದದ್ದರಿಂದ ಹೊಟ್ಟೆ ಇಳಿಯಿತೋ, ತಪ್ಪೊಪ್ಪಿದ್ದರಿಂದ ಕಲ್ಲು ಸಡಿಲಿತೋ, ಗೌಡ ಸರಕ್ಕನೆ ಆಚೆಗೆ ಬಿದ್ದ. ಹಟ್ಟಿಯವರು ಎರಡನೆಯದನ್ನೇ ನಂಬುತ್ತಾರೆ. ನಾಯಿಗೆ ಅವ್ವ ಎಂಬ ಹೆಸರು ಬಂದದ್ದು ಆ ಗಳಿಗೆಯಲ್ಲಿ, ಆ ಬಾಯಿಂದ.

ಬಂಡೆಯ ಆಚೆ ಬರೀ ಕಲ್ಲುಹಾಸು, ಹುಲ್ಲಿಲ್ಲ, ಉರಿಯಿಲ್ಲ. ಗಾಳೆಪ್ಪನೂ ಹುಲಿಗೆವ್ವನೂ ಹೊರಬಂದ ಮೇಲೆ ತಲೆ ಎಣಿಸಿದರು. ಒಂದು ಜೀವವೂ ಕಡಿಮೆಯಿಲ್ಲ! ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕರು, ಅತ್ತರು, ಮತ್ತೆ ನಕ್ಕರು. ಹೊಗೆ ಕಂಡು ಓಡಿಬಂದ ಗಂಡಸರು ಹೆಂಡಿರು ಮಕ್ಕಳನ್ನು ಎತ್ತಿ ಎತ್ತಿ ಕುಣಿದಾಡಿದರು. ಆಗ ಗಾಳೆಪ್ಪ ಸುತ್ತ ನೋಡಿ, "ನನ್ನ ಕೆಂಚಿ ಎಲ್ಲಿ?" ಎಂದ. ಕೆಂಚಿ ಇರಲಿಲ್ಲ. ಕಂಡಿಯೊಳಗೆ ಬಗ್ಗಿ ಕೂಗಿದರು, ಗುಡ್ಡದ ಕಡೆ ಮುಖ ಮಾಡಿ ಕೂಗಿದರು. ಒಂದು ಸದ್ದೂ ಇಲ್ಲ. ಮತ್ತೆ ಒಳಗೆ ಹೋಯಿತೇ ಎಂದು ಅವನ ಜೀವ ಬಾಯಿಗೆ ಬಂತು.

ಬೆಂಕಿ ತಣಿದ ಮೇಲೆ ಎಲ್ಲರೂ ಗುಡ್ಡ ಸುತ್ತಿ ಮುಂದಿನ ಕಡೆಗೆ ಬಂದರು. ಬೇಲಿಯಿರಲಿಲ್ಲ, ಬಾಗಿಲಿರಲಿಲ್ಲ, ಗುಡಿಸಲುಗಳ ಜಾಗದಲ್ಲಿ ಬೂದಿಯ ಗುಪ್ಪೆಗಳು. ಉಳಿದಿದ್ದವು ಬಾಗಿಲ ಎರಡು ನಿಲುಗಲ್ಲುಗಳು ಮಾತ್ರ, ಕರ್ರಗೆ. ಅವುಗಳ ನಡುವೆ, ಬೂದಿಯಲ್ಲಿ ಹೊರಳಿ ಬೂದುನಾಯಿಯಾಗಿದ್ದ ಕೆಂಚಿ ಕೂತು, ಇಲ್ಲದ ಬಾಗಿಲ ಕಡೆ ಮುಖ ಮಾಡಿ, ಎಂದಿನಂತೆ, ಬಾಗಿಲು ತೆಗೆಯಿರೆಂದು ಬೊಗಳುತ್ತಿತ್ತು. ಸುತ್ತಲೂ ಬಟಾಬಯಲು. ಒಂದು ಹೆಜ್ಜೆ ಇಟ್ಟರೆ ಒಳಗೆ. ಅದು ಇಡಲಿಲ್ಲ. ಒಳಗೆ ಕರೆಸಿಕೊಳ್ಳುವುದು ತನ್ನ ಹಕ್ಕು ಎಂಬಂತೆ ಕೂತಿತ್ತು. ಗಾಳೆಪ್ಪ ನಗುತ್ತಿದ್ದಾನೋ ಅಳುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ. ಹೋಗಿ ಎರಡು ಕಲ್ಲಿನ ನಡುವೆ ನಿಂತು, ಅಗಳಿ ಸರಿಸಿದಂತೆ, ಕದ ಎಳೆದಂತೆ ಗಾಳಿಯಲ್ಲಿ ಕೈಯಾಡಿಸಿ, "ಬಾರವ್ವಾ," ಎಂದ. ಕೆಂಚಿ ಎದ್ದು, ಮೈ ಕೊಡವಿ, ಗಂಭೀರವಾಗಿ ಒಳಗೆ ಬಂತು.

ಆಮೇಲೆ ಗಾಳೆಪ್ಪ ಅಂಚು ಸುಟ್ಟ ಕಂಬಳಿಯನ್ನು ಮಡಿಸಿ ಗೌಡನ ಮುಂದಿಟ್ಟ. "ಗೌಡ್ರ, ಹೊತ್ತು ಮುಳುಗಾಕ ಬಂತು. ನಾಕು ಕಾಲಿಂದು ನನ್ನ ಬೇಲಿ ದಾಟೈತಿ. ಕಂಬಳಿ ತಗೋರಿ. ನಾಯಿ ಕೊಡಾಂಗಿಲ್ಲ," ಎಂದ. ಬೆಳಿಗ್ಗೆ ಹೇಳಬೇಕಾಗಿದ್ದ ಮಾತು ಅದು, ಸಂಜೆಗೆ ಹೇಳಿದ. ಗೌಡ ಕಂಬಳಿ ಎತ್ತಿಕೊಂಡು ಅದರ ಸುಟ್ಟ ಅಂಚನ್ನು ಕೊಡವಿದ. "ನಾಕು ಕಾಲಿಂದು ಒಂದ ಏನಪಾ? ನಾನೂ ಇವತ್ತು ನಾಕು ಕಾಲ ಮ್ಯಾಲ ದಾಟೀನಿ," ಎಂದು ಅದನ್ನು ನೆಲಕ್ಕೆ ಹಾಸಿ, ಕೆಂಚಿಯನ್ನು ಕರೆದು ಅದರ ಮೇಲೆ ಕೂರಿಸಿದ. ಮತ್ತೆ ಗಾಳೆಪ್ಪನ ಕೈಗೆ ಕವೆಗೋಲು ಕೊಟ್ಟು, "ಇನ್ನ ಮ್ಯಾಲ ನೀ ಕಟ್ಟೂ ಬೇಲಿಗೆ ಎರಡು ಬಾಯಿ ಇರಲಿ," ಎಂದ. "ಇಲಿ ಹೇಳಿದ್ದು ಆಗ ಕೇಳಲಿಲ್ಲ, ನಾಯಿ ಹೇಳಿದ್ದು ಈಗ ಕೇಳಬೇಕಾತು," ಎಂದು ಹುಲಿಗೆವ್ವ ಹಿಂದಿನಿಂದ ಅಂದಳು. ಇಡೀ ಹಟ್ಟಿ, ಸು‌ಟ್ಟ ಮನೆಗಳ ನಡುವೆಯೇ, ಹೊಟ್ಟೆ ಹಿಡಿದುಕೊಂಡು ನಕ್ಕಿತು ಎನ್ನುತ್ತಾರೆ.

ಗಾಳೆಪ್ಪ ಹೊಸ ಬೇಲಿ ಕಟ್ಟಿದ. ಬಂಡೆಯ ಕಂಡಿಯನ್ನು ಹಾಗೆಯೇ ಬಿಟ್ಟು, ಬೇಲಿಯ ಬುಡದಲ್ಲೂ ಕೆಂಚಿಯನ್ನೇ ನಿಲ್ಲಿಸಿ ಅಳತೆ ಮಾಡಿ ಒಂದು ಕಂಡಿ ಬಿಟ್ಟ; ತೋಳ ಬಾರದಂತೆ ರಾತ್ರಿ ಮಾತ್ರ ಎರಡಕ್ಕೂ ಕಲ್ಲು ಅಡ್ಡ ಇಡುತ್ತಿದ್ದ. ಕೆಂಚಿ ಆ ಕಂಡಿಯಲ್ಲಿ ಒಂದು ದಿನವಾದರೂ ಹೋಯಿತೇ? ದೇವರಾಣೆಗೂ ಇಲ್ಲ! ಬಿಟ್ಟ ದಾರಿಯಲ್ಲಿ ಹೋಗುವುದೂ ಒಂದು ಹೋಗುವುದೇ? ಬೇರೆಲ್ಲಿಂದಲೋ ಹೋಗಿ, ಎಂದಿನಂತೆ ಮುಂಬಾಗಿಲಿಗೆ ಬಂದು ಬೊಗಳುತ್ತಿತ್ತು. ಎಲ್ಲಿಂದ ಹೋಯಿತೆಂದು ಗಾಳೆಪ್ಪ ಮತ್ತೆಂದೂ ಹುಡುಕಲಿಲ್ಲ. ಬಾಗಿಲಿಗೆ ಹತ್ತಿರವಾಗಲೆಂದು ಮನೆಯನ್ನೇ ಮುಂದಕ್ಕೆ ಕಟ್ಟಿಕೊಂಡ.

ಇವತ್ತು ಕಾರೇಹಟ್ಟಿಯಲ್ಲಿ ಮುಳ್ಳುಬೇಲಿ ಕಡಿಮೆ. ತಂತಿಬೇಲಿ ಬಂದಿದೆ, ಸಿಮೆಂಟಿನ ಕಾಂಪೌಂಡು ಬಂದಿದೆ. ಆದರೆ ಬಗ್ಗಿ ನೋಡಿ, ಪ್ರತಿಯೊಂದರ ಬುಡದಲ್ಲೂ ಒಂದು ನಾಯಿ ನುಸುಳುವಷ್ಟು ಕಂಡಿ ಇದ್ದೇ ಇರುತ್ತದೆ. ಹೊರಗಿನಿಂದ ಬರುವ ಗೌಂಡಿಗಳು ಮರೆತು ಮುಚ್ಚಿದರೆ ಮನೆಯ ಮುದುಕಿಯೇ ಹಾರೆ ತಂದು ಒಡೆಯುತ್ತಾಳೆ. ಪ್ರತಿವರ್ಷ ಫಾಲ್ಗುಣದ ಒಂದು ಸೋಮವಾರ ಗೌಡರ ಮನೆತನದ ಹಿರಿಯ ಕಂಡಿಯಲ್ಲಿ ಹೊಟ್ಟೆಯ ಮೇಲೆ ತೆವಳಿ, ಆಚೆಗೆ ತಲೆ ಹಾಕಿ, "ಎವ್ವಾ, ದಾರಿ ಬಿಡವ್ವಾ," ಎನ್ನಬೇಕು. ಯಾವುದಾದರೂ ನಾಯಿ ಬಂದು ಮುಖ ಮೂಸುವವರೆಗೆ ಮೇಲೇಳುವಂತಿಲ್ಲ. ಇಡೀ ಹಟ್ಟಿ ರೊಟ್ಟಿ ಹಿಡಿದು ನಾಯಿಗಳನ್ನು ಪುಸಲಾಯಿಸುತ್ತ ನಿಲ್ಲುತ್ತದೆ. ಹುಣಸೆಮರದ ಹತ್ತಿರ, ಬಸ್ಸು ತಿರುಗುವ ಜಾಗಕ್ಕಿಂತ ಸ್ವಲ್ಪ ಮೇಲೆ, ಆ ಎರಡು ನಿಲುಗಲ್ಲುಗಳು ಈಗಲೂ ಇವೆ. ಕದವಿಲ್ಲ, ಬೇಲಿಯಿಲ್ಲ, ಎರಡೂ ಕಡೆ ಬಯಲು. ಬಸ್ಸಿಳಿದವರು ಪಕ್ಕದಿಂದಲೇ ನಡೆದು ಹೋಗುತ್ತಾರೆ. ಆದರೆ ಸಂಜೆಯಾದರೆ ಹಟ್ಟಿಯ ಯಾವುದಾದರೊಂದು ನಾಯಿ ಅಲ್ಲಿ ಬಂದು ಕೂತು ಬೊಗಳುತ್ತದೆ. ಆಗ ಹತ್ತಿರದಲ್ಲಿರುವವರು ಯಾರೇ ಆಗಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ, ಇಲ್ಲದ ಅಗಳಿ ಸರಿಸಿ, ಇಲ್ಲದ ಕದ ಎಳೆದು, "ಬಾರವ್ವಾ," ಎನ್ನುತ್ತಾರೆ. ಹಾಗೆ ಕರೆದ ಮೇಲೆಯೇ ಅದು ಒಳಗೆ ಬರುತ್ತದೆ.